ಕಾರ್ಡ್ ಟೆಸ್ಟ್ ಫಲಿತಾಂಶ: ಎಷ್ಟು ನಂಬಬಹುದು?

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಬಿಕ್ಕೋಡಿನ ನನ್ನ ಕ್ಲಿನಿಕ್ಕಿಗೆ ತಂದೆ, ಮಗ ಇಬ್ಬರು ಬಂದರು. ಕೊನೆಯ ರೋಗಿ ಎದ್ದು ಹೋಗುವವರೆಗೂ ಹೊರಗಿನ ಬೆಂಚಿನ ಮೇಲೆ ಕಾದು ಕುಳಿತಿದ್ದು, ಆಮೇಲೆ ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು. ತಂದೆ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮಗನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಅದಕ್ಕೆ ಮುಂಚೆ ಒಂದು ಲ್ಯಾಬಿನಲ್ಲಿ ಮಾಡಿಸಿದ ರಕ್ತ ಪರೀಕ್ಷೆಯ ರಿಪೋರ್ಟ್ ಅದು. ಮೂರನೆಯ ಸಾಲಿನಲ್ಲಿ ‘ಎಚ್‌ಐವಿ: ರಿಯಾಕ್ಟಿವ್’ ಎಂದಿತ್ತು. ಎರಡು ತಿಂಗಳಲ್ಲಿ ಹುಡುಗನ ಮದುವೆ.

“ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟಾಗಿದೆ ಡಾಕ್ಟ್ರೇ. ಹೆಣ್ಣಿನ ಕಡೆಯವ್ರಿಗೆ ಏನಂತ ಹೇಳ್ಲಿ?” ಎಂದರು ತಂದೆ. ಮಗ ತಲೆ ಎತ್ತಲಿಲ್ಲ.

“ಯಾರಿಗಾದರೂ ಹೇಳಿದ್ದೀರಾ?” ಎಂದು ಕೇಳಿದೆ. ಇಲ್ಲ ಎಂದರು. “ಹಾಗಾದರೆ ಇವತ್ತು ಯಾರಿಗೂ ಏನೂ ಹೇಳಬೇಡಿ. ರೋಗ ಇದೆ ಅಂತ ಈ ಚೀಟಿ ಹೇಳ್ತಾ ಇಲ್ಲ. ಇನ್ನೊಮ್ಮೆ ಸರಿಯಾಗಿ ನೋಡಿ ಅಂತ ಹೇಳ್ತಾ ಇದೆ, ಅಷ್ಟೆ” ಎಂದೆ.

ಆಗ ತಂದೆ ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ. “ಅದು ಸರ್ಕಾರ ಪರವಾನಗಿ ಕೊಟ್ಟಿರೋ ಕಿಟ್ಟು ಅಂತ ಲ್ಯಾಬಿನವರು ಹೇಳಿದ್ರು. ಸರ್ಕಾರದ ಪರವಾನಗಿ ಇದ್ದದ್ದು ಸುಳ್ಳು ಹೇಳುತ್ತಾ?”

ಒಳ್ಳೆಯ ಪ್ರಶ್ನೆ. ಜ್ವರ, ಕಾಮಾಲೆ, ಗರ್ಭಿಣಿಯ ತಪಾಸಣೆ, ಆಪರೇಷನ್, ರಕ್ತದಾನ ಹೀಗೆ ಯಾವುದೋ ಒಂದು ಕಾರಣಕ್ಕೆ ಇಂದು ಪ್ರತಿ ಮನೆಗೂ ಇಂಥ ಚೀಟಿ ಬರುತ್ತದೆ. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿರಬೇಕು. ಆ ಹುಡುಗನ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವನ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಕಿಟ್ ಎಂದರೇನು ಎಂಬುದನ್ನು ನೋಡೋಣ.

ಕಿಟ್ ಏನನ್ನು ಹುಡುಕುತ್ತದೆ?

ವೈರಾಣು ಕಣ್ಣಿಗೆ ಕಾಣುವಂಥದ್ದಲ್ಲ. ಸಾಧಾರಣ ಸೂಕ್ಷ್ಮದರ್ಶಕಕ್ಕೂ ಸಿಗುವುದಿಲ್ಲ. ಹಾಗಾಗಿ ಅದು ದೇಹದಲ್ಲಿ ಬಿಟ್ಟ ಗುರುತುಗಳನ್ನು ನಾವು ಹುಡುಕುತ್ತೇವೆ. ಈ ಗುರುತುಗಳು ಮೂರು ಬಗೆಯವು.

ಮೊದಲನೆಯದು ವೈರಾಣುವಿನ ವಂಶವಾಹಿ. ಇದನ್ನು ಹುಡುಕುವುದು ಆರ್‌ಟಿಪಿಸಿಆರ್ ಪರೀಕ್ಷೆ. ಎರಡನೆಯದು ವೈರಾಣುವಿನ ಮೈಯಲ್ಲಿರುವ ಅಥವಾ ಅದು ಹೊರಬಿಡುವ ಪ್ರೋಟೀನು. ಇದಕ್ಕೆ ಆಂಟಿಜೆನ್ ಎನ್ನುತ್ತಾರೆ. ಡೆಂಗಿಯ ‘ಎನ್‌ಎಸ್1’ ಇಂಥದ್ದು. ಮೂರನೆಯದು ವೈರಾಣುವನ್ನು ಎದುರಿಸಲು ನಮ್ಮ ದೇಹ ತಯಾರಿಸುವ ಪ್ರತಿಕಾಯ, ಅಂದರೆ ಆಂಟಿಬಾಡಿ. ‘ಐಜಿಎಂ’, ‘ಐಜಿಜಿ’ ಎಂದು ರಿಪೋರ್ಟಿನಲ್ಲಿ ಬರೆಯುವುದು ಇದನ್ನೇ.

ಆಂಟಿಜೆನ್, ಆಂಟಿಬಾಡಿ ಎರಡನ್ನೂ ಎರಡು ರೀತಿಯಲ್ಲಿ ನೋಡಬಹುದು. ಒಂದು, ಎಲ್ಲರಿಗೂ ಪರಿಚಯವಿರುವ ಕಾರ್ಡ್ ಟೆಸ್ಟ್. ಒಂದೆರಡು ಹನಿ ಹಾಕಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಇನ್ನೊಂದು ಎಲೈಸಾ. ಇದಕ್ಕೆ ಯಂತ್ರ, ತರಬೇತಿ ಪಡೆದ ತಂತ್ರಜ್ಞರು, ಕೆಲವು ಗಂಟೆಗಳ ಸಮಯ ಬೇಕು. ಕಾರ್ಡ್ ಬೇಗ ಆಗುತ್ತದೆ. ಎಲೈಸಾ ಹೆಚ್ಚು ನಂಬಿಕೆಗೆ ಅರ್ಹ.

ಪರವಾನಗಿ ಹೇಗೆ ಸಿಗುತ್ತದೆ?

ಔಷಧಕ್ಕೆ ಇರುವಂತೆ ರೋಗಪತ್ತೆ ಕಿಟ್ಟುಗಳಿಗೂ ನಮ್ಮ ದೇಶದಲ್ಲಿ ಕಾನೂನು ಇದೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪತ್ತೆಯ ಕಿಟ್ಟುಗಳನ್ನು 2002ರಲ್ಲೇ ‘ಔಷಧ’ ಎಂದು ಪರಿಗಣಿಸಿ ಕಾನೂನಿನ ಹಿಡಿತಕ್ಕೆ ತರಲಾಯಿತು. ರಕ್ತ ಕೊಡುವಾಗ ಈ ಮೂರರ ಪರೀಕ್ಷೆ ತಪ್ಪಿದರೆ ಏನಾಗುತ್ತದೆ ಎಂಬುದು ನಿಮಗೇ ಗೊತ್ತು. ಆಮೇಲೆ ವೈದ್ಯಕೀಯ ಸಾಧನಗಳ ನಿಯಮಗಳು, 2017 ಬಂದವು. ಇವು 2018ರ ಜನವರಿ 1ರಿಂದ ಜಾರಿಯಲ್ಲಿವೆ.

ಈ ನಿಯಮಗಳು ಕಿಟ್ಟುಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿವೆ. ಫಲಿತಾಂಶ ತಪ್ಪಾದರೆ ಆಗುವ ಅಪಾಯ ಹೆಚ್ಚಿದಷ್ಟೂ ವರ್ಗ ಮೇಲೇರುತ್ತದೆ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ, ಸಿ ಕಿಟ್ಟುಗಳು ಎಲ್ಲಕ್ಕಿಂತ ಬಿಗಿಯಾದ ಡಿ ವರ್ಗದಲ್ಲಿವೆ. ಡೆಂಗಿಯದು ಸಿ ವರ್ಗ. ಸಿ ಮತ್ತು ಡಿ ವರ್ಗದ ಕಿಟ್ ತಯಾರಿಸಲು ‘ಸಿಡಿಎಸ್‌ಸಿಒ’ ಎಂದು ಕರೆಯುವ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ಬೇಕು. ಹೊರದೇಶದಿಂದ ತರಿಸುವುದಾದರೆ ಅದಕ್ಕೆ ಬೇರೆ ಆಮದು ಪರವಾನಗಿ ಬೇಕು.

ಪರವಾನಗಿ ಕೇಳುವ ಕಂಪನಿ ತನ್ನ ಕಿಟ್ಟನ್ನು ಪರೀಕ್ಷೆಗೆ ಒಡ್ಡಬೇಕು. ರೋಗ ಖಚಿತವಾಗಿ ಇದ್ದವರ ಮತ್ತು ಖಚಿತವಾಗಿ ಇಲ್ಲದವರ ರಕ್ತದ ಮಾದರಿಗಳ ಮೇಲೆ ಕಿಟ್ಟನ್ನು ಓಡಿಸಿ, ಎಷ್ಟು ಸರಿ, ಎಷ್ಟು ತಪ್ಪು ಎಂದು ಎಣಿಸುತ್ತಾರೆ. ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಕಡೆ ಈ ಕೆಲಸ ನಡೆಯುತ್ತದೆ. ಒಟ್ಟಿನಲ್ಲಿ ಪರವಾನಗಿ ಎಂಬುದು ಬರೀ ಮೊಹರು ಅಲ್ಲ. ಅದರ ಹಿಂದೆ ನಿಜವಾದ ಪರೀಕ್ಷೆ ಇದೆ. ಪರವಾನಗಿ ಇಲ್ಲದ ಕಿಟ್ಟನ್ನು ಯಾರೂ ಮುಟ್ಟಬಾರದು.

ಆದರೆ ಒಂದು ಮಾತು. ನೂರಕ್ಕೆ ನೂರು ಅಂಕ ಪಡೆದ ಕಿಟ್ಟಿಗೆ ಮಾತ್ರ ಪರವಾನಗಿ ಎಂದು ನಿಯಮವಿಲ್ಲ. ಹಾಗೆ ಮಾಡಿದರೆ ಮಾರುಕಟ್ಟೆಯಲ್ಲಿ ಕಿಟ್ಟೇ ಉಳಿಯುವುದಿಲ್ಲ. ಇಂಥ ಕೆಲಸಕ್ಕೆ, ಇಂಥವರಲ್ಲಿ, ಇಂಥ ಸಮಯದಲ್ಲಿ, ಹೀಗೆ ಬಳಸಿದರೆ ಈ ಕಿಟ್ ಇಷ್ಟರ ಮಟ್ಟಿಗೆ ಸರಿ ಎಂಬುದಷ್ಟೇ ಪರವಾನಗಿಯ ಅರ್ಥ. ಷರತ್ತುಗಳೆಲ್ಲ ಪೆಟ್ಟಿಗೆಯೊಳಗಿನ ಸಣ್ಣ ಅಕ್ಷರದ ಕಾಗದದಲ್ಲಿ ಇರುತ್ತವೆ. ದೆಹಲಿಯಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಪರವಾನಗಿ ಉಳಿಯುತ್ತದೆ, ಷರತ್ತು ಕಳೆದುಹೋಗುತ್ತದೆ.

ಎರಡು ಬಗೆಯ ನಾಯಿ

ಕಿಟ್ಟಿನ ಗುಣವನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. ರೋಗ ಇದ್ದವರಲ್ಲಿ ಎಷ್ಟು ಜನರನ್ನು ಹಿಡಿಯುತ್ತದೆ ಎಂಬುದು ಸೂಕ್ಷ್ಮತೆ. ರೋಗ ಇಲ್ಲದವರಲ್ಲಿ ಎಷ್ಟು ಜನರನ್ನು ‘ಇಲ್ಲ’ ಎಂದು ಸರಿಯಾಗಿ ಬಿಡುತ್ತದೆ ಎಂಬುದು ನಿರ್ದಿಷ್ಟತೆ.

ಮನೆ ಕಾಯುವ ನಾಯಿಗಳನ್ನು ನೆನೆಸಿಕೊಳ್ಳಿ. ಒಂದು ನಾಯಿ ಕಳ್ಳನಿಗೂ ಬೊಗಳುತ್ತದೆ, ಹಾಲಿನವನಿಗೂ ಬೊಗಳುತ್ತದೆ, ನೆಂಟರಿಗೂ ಬೊಗಳುತ್ತದೆ. ಕಳ್ಳ ತಪ್ಪಿಸಿಕೊಳ್ಳಲಾರ, ಆದರೆ ಬೊಗಳಿದಾಗಲೆಲ್ಲ ಕಳ್ಳ ಬಂದ ಎಂದು ದೊಣ್ಣೆ ಹಿಡಿದು ಓಡುವ ಹಾಗಿಲ್ಲ. ಇದು ಸೂಕ್ಷ್ಮತೆ ಹೆಚ್ಚಿರುವ ನಾಯಿ. ಇನ್ನೊಂದು ನಾಯಿ ಬೊಗಳಿದರೆ ಕಳ್ಳನೇ ಸರಿ. ಆದರೆ ಕೆಲವು ರಾತ್ರಿ ನಿದ್ದೆ ಮಾಡಿಬಿಡುತ್ತದೆ. ಅದು ನಿರ್ದಿಷ್ಟತೆ ಹೆಚ್ಚು, ಸೂಕ್ಷ್ಮತೆ ಕಡಿಮೆ ಇರುವ ನಾಯಿ. ಎರಡೂ ಉಪಯೋಗದವೇ. ನಮ್ಮ ನಾಯಿ ಯಾವ ಬಗೆಯದು ಎಂದು ನಮಗೆ ಗೊತ್ತಿರಬೇಕು.

ಎಚ್‌ಐವಿ ಮೊದಲ ಹಂತದ ಪರೀಕ್ಷೆಗೆ ಬೇಕೆಂದೇ ಮೊದಲ ಬಗೆಯ ನಾಯಿಯನ್ನು ಇಟ್ಟಿರುತ್ತಾರೆ, ಒಬ್ಬ ಸೋಂಕಿತರೂ ತಪ್ಪಿ ಹೋಗಬಾರದು ಎಂದು. ಇದರ ಪರಿಣಾಮ ಏನು? ಒಂದು ಸರಳ ಲೆಕ್ಕ ಮಾಡೋಣ.

ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಸೋಂಕಿನ ಪ್ರಮಾಣ ಸುಮಾರು ಶೇ. 0.2. ಅಂದರೆ 10,000 ಜನರಲ್ಲಿ 20 ಮಂದಿ. ಒಂದು ಕಿಟ್ ಈ ಇಪ್ಪತ್ತು ಮಂದಿಯನ್ನೂ ತಪ್ಪದೆ ಹಿಡಿಯುತ್ತದೆ, ಸೋಂಕಿಲ್ಲದ ನೂರು ಜನರಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ‘ಇದೆ’ ಎನ್ನುತ್ತದೆ ಎಂದುಕೊಳ್ಳಿ. ಕೇಳಲು ಬಹಳ ಒಳ್ಳೆಯ ಕಿಟ್. ಆದರೆ ಸೋಂಕಿಲ್ಲದ 9,980 ಜನರಲ್ಲಿ ನೂರಕ್ಕೊಬ್ಬರಂತೆ ಸುಮಾರು 100 ಮಂದಿಗೆ ತಪ್ಪು ಫಲಿತಾಂಶ ಬರುತ್ತದೆ. ಒಟ್ಟು ‘ರಿಯಾಕ್ಟಿವ್’ ಚೀಟಿ ಹಿಡಿದವರು 120 ಮಂದಿ. ಅವರಲ್ಲಿ ನಿಜವಾಗಿ ಸೋಂಕು ಇರುವುದು 20 ಮಂದಿಗೆ ಮಾತ್ರ. ಶೇ. 99 ಸರಿ ಎಂದು ಪರವಾನಗಿ ಪಡೆದ ಕಿಟ್ಟೇ, ಯಾವ ಲಕ್ಷಣವೂ ಇಲ್ಲದ ಜನರ ಮೇಲೆ ಬಳಸಿದಾಗ, ಆರರಲ್ಲಿ ಐದು ಸಲ ತಪ್ಪು ಗಂಟೆ ಬಾರಿಸುತ್ತದೆ. ಇದರಲ್ಲಿ ಕಂಪನಿಯ ಮೋಸವೂ ಇಲ್ಲ, ಅಧಿಕಾರಿಯ ತಪ್ಪೂ ಇಲ್ಲ. ಲೆಕ್ಕವೇ ಹಾಗೆ.

ಅದಕ್ಕಾಗಿಯೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ನಿಯಮ ಸ್ಪಷ್ಟವಾಗಿದೆ. ಯಾವ ಲಕ್ಷಣವೂ ಇಲ್ಲದವರಲ್ಲಿ ಮೂರು ಬೇರೆ ಬೇರೆ ಬಗೆಯ ಕಿಟ್ಟುಗಳೂ ‘ಇದೆ’ ಎಂದರೆ ಮಾತ್ರ ಎಚ್‌ಐವಿ ಖಚಿತ. ಒಂದೇ ಕಾರ್ಡಿನ ಮೇಲೆ ಯಾರನ್ನೂ ಸೋಂಕಿತರೆಂದು ಹೇಳುವಂತಿಲ್ಲ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಆಪ್ತ ಸಮಾಲೋಚನೆಯೊಡನೆ ಈ ಪರೀಕ್ಷೆ ಉಚಿತ. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯಿದೆಯ ಪ್ರಕಾರ ಪರೀಕ್ಷೆಗೆ ಮುಂಚೆ ನಿಮ್ಮ ಒಪ್ಪಿಗೆ ಪಡೆಯಬೇಕು, ಫಲಿತಾಂಶವನ್ನು ಗುಟ್ಟಾಗಿ ಇಡಬೇಕು. ಆ ಹುಡುಗನನ್ನು ಲ್ಯಾಬಿನಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಕೂರಿಸಿ ವಿವರಿಸಿರಲಿಲ್ಲ. ಉಳಿದ ರಿಪೋರ್ಟುಗಳ ಜೊತೆ ಕವರಿಗೆ ಹಾಕಿ ಕೊಟ್ಟಿದ್ದರು.

ಮರುದಿನ ಅವನನ್ನು ಐಸಿಟಿಸಿಗೆ ಕಳುಹಿಸಿದೆ. ಅಲ್ಲಿ ಎಚ್‌ಐವಿ ಇಲ್ಲ ಎಂದು ಬಂತು. ಮುನ್ನೆಚ್ಚರಿಕೆಗಾಗಿ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿದೆವು. ಆಗಲೂ ಇಲ್ಲ. ನಡುವಿನ ಆ ದಿನಗಳಲ್ಲಿ ಹುಡುಗ ಸರಿಯಾಗಿ ಊಟ ಮಾಡಿರಲಿಲ್ಲ ಎಂದು ತಾಯಿ ಆಮೇಲೆ ಹೇಳಿದರು. ತೋಟದ ಕೆರೆಯ ಕಡೆ ಒಬ್ಬನೇ ಹೋಗುತ್ತಿದ್ದನಂತೆ, ತಂದೆ ಹಿಂದೆಯೇ ಹೋಗುತ್ತಿದ್ದರಂತೆ. ಒಂದು ಕಾರ್ಡಿನ ಗೆರೆಯನ್ನು ಪೂರ್ತಿ ನಂಬುವುದರಿಂದ ಏನಾಗಬಹುದಿತ್ತು ಎಂಬುದಕ್ಕೆ ಇಷ್ಟು ಸಾಕು.

2020 ಕಲಿಸಿದ ಪಾಠ

ಪರವಾನಗಿಗೂ ಷರತ್ತಿಗೂ ಇರುವ ಸಂಬಂಧ ಇಡೀ ದೇಶಕ್ಕೆ ಕಂಡದ್ದು ಕೋವಿಡ್ ಕಾಲದಲ್ಲಿ. 2020ರ ಏಪ್ರಿಲ್ ನಡುವಿನಲ್ಲಿ ಚೀನಾದ ಗ್ವಾಂಗ್‌ಝೌ ವಾಂಡ್‌ಫೋ ಮತ್ತು ಝುಹೈ ಲಿವ್‌ಝಾನ್ ಎಂಬ ಎರಡು ಕಂಪನಿಗಳಿಂದ ಸುಮಾರು 5 ಲಕ್ಷ ಆಂಟಿಬಾಡಿ ಕಾರ್ಡುಗಳು ಬಂದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಅವನ್ನು ರಾಜ್ಯಗಳಿಗೆ ಹಂಚಿತು. ಈಗಾಗಲೇ ಸೋಂಕು ಖಚಿತವಾದವರ ಮೇಲೆ ಪರೀಕ್ಷಿಸಿದಾಗ ಶೇ. 5.4ರಷ್ಟು ಮಾತ್ರ ಸರಿ ಬಂತು ಎಂದು ರಾಜಸ್ಥಾನ ದೂರಿತು. ಏಪ್ರಿಲ್ 21ರಂದು ಎರಡು ದಿನ ಬಳಸಬೇಡಿ ಎಂದ ಐಸಿಎಂಆರ್, ಏಪ್ರಿಲ್ 27ರಂದು ಆ ಕಾರ್ಡುಗಳನ್ನು ವಾಪಸು ಕಳುಹಿಸಿ ಎಂದಿತು. ದೋಷ ಕಿಟ್ಟಿನದಲ್ಲ, ಬಳಸಿದ ರೀತಿಯದು ಎಂದು ಕಂಪನಿಗಳು ವಾದಿಸಿದವು.

ಯಾರ ವಾದ ಸರಿ ಎಂಬುದು ಇಲ್ಲಿ ನಮಗೆ ಮುಖ್ಯವಲ್ಲ. ಒಂದು ವಿಷಯ ಮಾತ್ರ ಗಮನಿಸಿ. ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳಲು ಸೋಂಕು ತಗುಲಿ ಒಂದು ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಊರಿನಲ್ಲಿ ಸೋಂಕು ಎಷ್ಟು ಹಬ್ಬಿದೆ ಎಂದು ನೋಡಲು ಇಂಥ ಕಾರ್ಡು ಸರಿ. ಇವತ್ತು ಜ್ವರ ಬಂದವರಿಗೆ ಕೋವಿಡ್ ಇದೆಯೇ ಎಂದು ಹೇಳಲು ಅದು ಸರಿಯಲ್ಲ. ಆ ಕಾರ್ಡುಗಳ ಕೆಲಸ ಸಮೀಕ್ಷೆ ಎಂದು ಐಸಿಎಂಆರ್ ಕೂಡ ಹೇಳಿತ್ತು. ಆದರೆ ಗಾಬರಿಯಲ್ಲಿದ್ದ ಜನಕ್ಕೆ ‘ಟೆಸ್ಟ್’ ಎಂದರೆ ಟೆಸ್ಟ್ ಅಷ್ಟೆ.

ಎರಡು ತಿಂಗಳ ನಂತರ, ಜೂನ್ 14ರಂದು, ಮೂಗಿನ ದ್ರವದಿಂದ ಮಾಡುವ ಆಂಟಿಜೆನ್ ಕಾರ್ಡಿಗೆ ಐಸಿಎಂಆರ್ ಒಪ್ಪಿಗೆ ಕೊಟ್ಟಿತು. ಆಗ ಅದು ಅಂಕಿಗಳನ್ನು ಮುಚ್ಚಿಡಲಿಲ್ಲ. ಸೂಕ್ಷ್ಮತೆ ಶೇ. 50.6ರಿಂದ 84, ನಿರ್ದಿಷ್ಟತೆ ಶೇ. 99.3ರಿಂದ 100 ಎಂದು ಹೇಳಿತು. ಇದು ಎರಡನೆಯ ಬಗೆಯ ನಾಯಿ. ಬೊಗಳಿದರೆ ನಿಜ, ಆದರೆ ಕೆಲವೊಮ್ಮೆ ಅರ್ಧಕ್ಕರ್ಧ ಕಳ್ಳರನ್ನು ಬಿಟ್ಟುಬಿಡಬಹುದು. ಅದಕ್ಕೇ ಒಪ್ಪಿಗೆಯ ಜೊತೆ ಷರತ್ತು ಇತ್ತು: ಪಾಸಿಟಿವ್ ಬಂದರೆ ಸೋಂಕು ಖಚಿತ, ಲಕ್ಷಣ ಇದ್ದೂ ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಿಸಲೇಬೇಕು. 2021ರ ಮೇ ತಿಂಗಳಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಕಾರ್ಡಿಗೆ ಅನುಮತಿ ಕೊಟ್ಟಾಗಲೂ ಇದೇ ಷರತ್ತು. ನಮ್ಮ ಕಡೆ ಎಷ್ಟು ಜನ ಅದರ ಎರಡನೆಯ ಭಾಗ ಪಾಲಿಸಿದರು? ನೆಗೆಟಿವ್ ಬಂತೆಂದು ಕೆಮ್ಮುತ್ತಲೇ ಮದುವೆ ಮನೆಗೆ ಹೋದವರನ್ನು ನಾನೇ ಕಂಡಿದ್ದೇನೆ.

ಡೆಂಗಿ: ನಾನು ಮಾಡಿದ ತಪ್ಪು

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಒಂದು ಮಳೆಗಾಲ ಕಾಫಿ ತೋಟದಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಜ್ವರವೆಂದು ಬಂದಳು. ಕೈಯಲ್ಲಿ ಎನ್‌ಎಸ್1 ಕಾರ್ಡಿನ ರಿಪೋರ್ಟ್ ಇತ್ತು, ‘ನೆಗೆಟಿವ್’. ಕ್ಲಿನಿಕ್ಕಿನಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ರಿಪೋರ್ಟ್ ನೋಡಿ, “ಡೆಂಗಿ ಇಲ್ಲಮ್ಮ, ಜ್ವರವೂ ಇಳಿದಿದೆ, ಗಾಬರಿ ಬೇಡ” ಎಂದು ಮಾತ್ರೆ ಬರೆದು ಕಳುಹಿಸಿದೆ. ಜ್ವರ ಶುರುವಾಗಿ ಎಷ್ಟು ದಿನವಾಯಿತು ಎಂಬ ಒಂದು ಪ್ರಶ್ನೆಯನ್ನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗಂಡ ಆಟೋದಲ್ಲಿ ಕರೆತಂದ. ಬಿಡದೆ ವಾಂತಿ, ಹೊಟ್ಟೆ ನೋವು, ಕೈಕಾಲು ತಣ್ಣಗೆ. ಡ್ರಿಪ್ ಹಾಕಿ 108 ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳುಹಿಸಿದೆ. ಅಲ್ಲಿ ಐಜಿಎಂ ಎಲೈಸಾ ಮಾಡಿದಾಗ ಡೆಂಗಿ. ಆಕೆ ಬದುಕಿ ಬಂದಳು. ಅಂದು ನಾನು ಆ ರಿಪೋರ್ಟ್ ನೋಡುವಾಗ ಜ್ವರ ಶುರುವಾಗಿ ಆರನೆಯ ದಿನ ನಡೆದಿತ್ತು.

ಆ ಕಾರ್ಡ್ ಸುಳ್ಳು ಹೇಳಿತೇ? ಇಲ್ಲ. ಎನ್‌ಎಸ್1 ರಕ್ತದಲ್ಲಿ ಚೆನ್ನಾಗಿ ಸಿಗುವುದು ಜ್ವರದ ಮೊದಲ ಐದು ದಿನ. ಆಮೇಲೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಐಜಿಎಂ ಪ್ರತಿಕಾಯ ಸಾಮಾನ್ಯವಾಗಿ ಐದನೆಯ ದಿನದ ನಂತರ ಸಿಗುತ್ತದೆ. ಮೊದಲ ದಿನ ಐಜಿಎಂ ನೋಡುವುದೂ ತಪ್ಪು, ಆರನೆಯ ದಿನ ಎನ್‌ಎಸ್1 ಒಂದನ್ನೇ ನಂಬುವುದೂ ತಪ್ಪು. ಹಿಂದೆ ಒಮ್ಮೆ ಡೆಂಗಿ ಬಂದು ಹೋದವರಿಗೆ ಮತ್ತೆ ಬಂದಾಗ ಎನ್‌ಎಸ್1 ತಪ್ಪಿಹೋಗುವುದು ಇನ್ನೂ ಹೆಚ್ಚು. ಅಂಥವರಿಗೇ ಕಾಯಿಲೆ ತೀವ್ರವಾಗುವ ಸಂಭವವೂ ಹೆಚ್ಚು.

ಸರ್ಕಾರದ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾರ್ಡ್ ಫಲಿತಾಂಶ ಬಂದ ಮಾತ್ರಕ್ಕೆ ‘ಖಚಿತ ಡೆಂಗಿ’ ಎಂದು ಲೆಕ್ಕ ಹಿಡಿಯುವುದಿಲ್ಲ, ಎಲೈಸಾ ಆಗಬೇಕು. ಐಜಿಎಂ ಎಲೈಸಾ ಕಿಟ್ಟುಗಳನ್ನು ಪುಣೆಯ ವೈರಾಣು ಸಂಸ್ಥೆ ತಯಾರಿಸಿ, ಗೊತ್ತುಮಾಡಿದ ಸರ್ಕಾರಿ ಪ್ರಯೋಗಾಲಯಗಳಿಗೆ ಕಳುಹಿಸುತ್ತದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ರಕ್ತದ ಮಾದರಿ ಅಲ್ಲಿಗೆ ಹೋಗುವ ವ್ಯವಸ್ಥೆ ತಿಳಿಯುತ್ತದೆ. ಖಾಸಗಿ ಲ್ಯಾಬುಗಳಿಗೆ ಕರ್ನಾಟಕ ಸರ್ಕಾರ 2024ರ ಜುಲೈನಲ್ಲಿ ದರ ಗೊತ್ತುಮಾಡಿತು. ಎನ್‌ಎಸ್1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300, ಕಾರ್ಡ್ ಟೆಸ್ಟಿಗೆ 250. ದಿನಕ್ಕೆ ತಕ್ಕ ಒಂದು ಎಲೈಸಾ ಮಾಡಿಸುವುದಕ್ಕೂ ಕಾರ್ಡಿಗೂ ಆಗ ಇದ್ದ ವ್ಯತ್ಯಾಸ 50 ರೂಪಾಯಿ.

ಇನ್ನೊಂದು ವಿಷಯ. ‘ಡೆಂಗಿ ಇಲ್ಲ’ ಎಂದರೆ ‘ಯಾವ ಕಾಯಿಲೆಯೂ ಇಲ್ಲ’ ಎಂದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಡೆಂಗಿ ಕಾರ್ಡು ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ, ಸರ್ಕಾರಿ ವೈರಾಣು ಪ್ರಯೋಗಾಲಯದಲ್ಲಿ ಆಗಬೇಕು. ಕಾಡಿಗೆ ಹೋಗಿ ಬಂದಿದ್ದರೆ, ಉಣ್ಣೆ ಕಚ್ಚಿದ್ದರೆ, ಸತ್ತ ಮಂಗವನ್ನು ಕಂಡಿದ್ದರೆ ನೀವಾಗಿಯೇ ವೈದ್ಯರಿಗೆ ಹೇಳಿ. ನೀವು ಹೇಳದಿದ್ದರೆ ಯಾವ ಕಿಟ್ ತರಿಸಬೇಕೆಂದು ನಮಗೆ ಹೊಳೆಯುವುದಿಲ್ಲ.

ಪೆಟ್ಟಿಗೆ ದಾಟಿ ಬಂದ ದಾರಿ

ಪರವಾನಗಿ ಕೊಡುವಾಗ ಕಿಟ್ಟನ್ನು ಪರೀಕ್ಷಿಸುವುದು ಸುಸಜ್ಜಿತ ಪ್ರಯೋಗಾಲಯದಲ್ಲಿ. ನಮ್ಮೂರಿಗೆ ಬರುವಷ್ಟರಲ್ಲಿ ಅದು ಲಾರಿ, ಗೋದಾಮು, ಅಂಗಡಿ ದಾಟಿರುತ್ತದೆ. ಬಹುಪಾಲು ಕಾರ್ಡುಗಳ ಮೇಲೆ 2ರಿಂದ 30 ಡಿಗ್ರಿ ಉಷ್ಣಾಂಶದಲ್ಲಿ ಇಡಿ ಎಂದಿರುತ್ತದೆ. ಎಲೈಸಾ ಕಿಟ್ಟುಗಳನ್ನು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗಿನ ಬಿಸಿ ಕೇಳುವುದೇ ಬೇಡ.

ಕೋವಿಡ್ ಕಾಲದಲ್ಲಿ ನಾನೇ ಒಂದು ಪೆಟ್ಟಿಗೆ ಕಾರ್ಡುಗಳನ್ನು ಕಾರಿನಲ್ಲಿ ಮರೆತು ಹಳೇಬೀಡಿನಲ್ಲಿ ಮಧ್ಯಾಹ್ನವೆಲ್ಲ ಬಿಸಿಲಿಗೆ ನಿಲ್ಲಿಸಿದ್ದೆ. ಸಂಜೆ ಬಳಸಿದಾಗ ಮೂರು ಕಾರ್ಡುಗಳಲ್ಲಿ ‘ಸಿ’ ಗೆರೆಯೇ ಮೂಡಲಿಲ್ಲ. ‘ಸಿ’ ಎಂದರೆ ಕಂಟ್ರೋಲ್, ಕಾರ್ಡ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ರೋಗ ಇರಲಿ, ಇಲ್ಲದಿರಲಿ ಆ ಗೆರೆ ಬರಲೇಬೇಕು. ಬರದಿದ್ದರೆ ಆ ಕಾರ್ಡ್ ಲೆಕ್ಕಕ್ಕಿಲ್ಲ. ಆ ಪೆಟ್ಟಿಗೆಯನ್ನೇ ಎಸೆದೆ. ಹಾಗೆಂದು ‘ಸಿ’ ಗೆರೆ ಬಂದರೆ ಎಲ್ಲವೂ ಸರಿ ಎಂದೂ ಅಲ್ಲ. ಅರೆಬರೆ ಕೆಟ್ಟ ಕಾರ್ಡಿನಲ್ಲೂ ಅದು ಬರಬಹುದು. ಅವಧಿ ಮೀರಿದ ಕಾರ್ಡ್, ಮುಂಚೆಯೇ ಹರಿದಿಟ್ಟ ಪೊಟ್ಟಣ, ಹೇಳಿದ ಸಮಯಕ್ಕಿಂತ ಮುಂಚೆ ಅಥವಾ ಬಹಳ ತಡವಾಗಿ ನೋಡಿದ ಗೆರೆ ಇವೆಲ್ಲ ತಪ್ಪು ಫಲಿತಾಂಶಕ್ಕೆ ದಾರಿ. ಇವು ಯಾವುದನ್ನೂ ದೆಹಲಿಯ ಪರವಾನಗಿ ತಡೆಯಲಾರದು. ಬಳಸುವವರೇ ತಡೆಯಬೇಕು.

ಮನೆಯವರು ಏನು ಮಾಡಬೇಕು?

1. ಜ್ವರ ಶುರುವಾದ ದಿನವನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ವೈದ್ಯರು ಕೇಳದಿದ್ದರೂ ಹೇಳಿ. ನನ್ನಂತೆ ಮರೆಯುವವರು ಇರುತ್ತಾರೆ.

2. ರಿಪೋರ್ಟ್ ಕೈಗೆ ಬಂದಾಗ “ಇದು ಕಾರ್ಡೋ, ಎಲೈಸಾನೋ, ಪಿಸಿಆರೋ?” ಎಂದು ಕೇಳಿ. ಯಾವ ವಿಧಾನದಲ್ಲಿ ಮಾಡಿದ್ದು ಎಂದು ರಿಪೋರ್ಟಿನಲ್ಲಿ ಬರೆಸಿಕೊಳ್ಳಿ.

3. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಯಾವುದೇ ಇರಲಿ, ಒಂದು ಕಾರ್ಡಿನಲ್ಲಿ ‘ರಿಯಾಕ್ಟಿವ್’ ಬಂದರೆ ಅದನ್ನು ಕೊನೆಯ ಮಾತು ಎಂದು ತಿಳಿಯಬೇಡಿ, ಯಾರಿಗೂ ಹೇಳಿಕೊಂಡು ತಿರುಗಬೇಡಿ. ಖಚಿತಪಡಿಸುವ ಪರೀಕ್ಷೆ ಮಾಡಿಸಿ. ಹಾಗೆಂದು ನಿರ್ಲಕ್ಷಿಸಲೂಬೇಡಿ. ನಿಜವಾಗಿ ಸೋಂಕು ಇದ್ದರೆ ಬೇಗ ತಿಳಿದಷ್ಟೂ ಒಳ್ಳೆಯದು, ಈಗ ಒಳ್ಳೆಯ ಚಿಕಿತ್ಸೆ ಇದೆ. ಎಚ್‌ಐವಿ ಬಗ್ಗೆ 1097ಕ್ಕೆ ಉಚಿತವಾಗಿ ಫೋನ್ ಮಾಡಿ ಕೇಳಬಹುದು.

4. ಡೆಂಗಿ ‘ನೆಗೆಟಿವ್’ ಬಂದಿದ್ದರೂ ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ. ಅಪಾಯ ಹೆಚ್ಚಾಗಿ ಬರುವುದು ಜ್ವರ ಇಳಿಯುವ ಹೊತ್ತಿನಲ್ಲೇ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿ ನುಂಗಬೇಡಿ.

5. ಅಂಗಡಿಯಿಂದಲೋ ಅಂಚೆಯಲ್ಲೋ ಕಿಟ್ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ ತಯಾರಿಕಾ ಅಥವಾ ಆಮದು ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಕಂಪನಿಯ ವಿಳಾಸ ಇವೆಯೇ ನೋಡಿ. ಇಲ್ಲದಿದ್ದರೆ ಹಿಂದಿರುಗಿಸಿ. ಇದ್ದರೆ ಒಳಗಿನ ಕಾಗದವನ್ನು ಪೂರ್ತಿ ಓದಿ, ಓದಲು ಬರದಿದ್ದರೆ ಮಕ್ಕಳಿಂದ ಓದಿಸಿ.

6. ಕಿಟ್ಟಿನಲ್ಲಿ ದೋಷ ಕಂಡರೆ ಎಸೆಯುವ ಮುನ್ನ ಪೆಟ್ಟಿಗೆಯ ಬ್ಯಾಚ್ ಸಂಖ್ಯೆ ಬರೆದಿಟ್ಟುಕೊಂಡು ವೈದ್ಯರಿಗೆ ಅಥವಾ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ತಿಳಿಸಿ. ವೈದ್ಯಕೀಯ ಸಾಧನಗಳ ದೋಷ ಒಟ್ಟುಗೂಡಿಸಲು 2015ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದು ಇದೆ. ಅದನ್ನು ನೋಡಿಕೊಳ್ಳುವುದು ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ. ಪರವಾನಗಿ ಕೊಟ್ಟ ಮೇಲೂ ಕಿಟ್ಟಿನ ಗುಣ ಹೇಗಿದೆ ಎಂದು ಸರ್ಕಾರಕ್ಕೆ ತಿಳಿಯುವುದು ಇಂಥ ದೂರುಗಳಿಂದಲೇ. ನಾನು ಆ ಕಾರ್ಡುಗಳ ಪೆಟ್ಟಿಗೆಯನ್ನು ಎಸೆದೆ. ಆದರೆ ಅದು ನನ್ನ ಕಾರಿನ ಬಿಸಿಲಿನ ದೋಷ, ಕಂಪನಿಯದಲ್ಲ.

ಆ ತಂದೆಗೆ ಅಂದು ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇನೆ. ಪರವಾನಗಿ ಇರುವ ಕಿಟ್ ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕೆ ಒಂದೇ ಒಂದು ಪ್ರಶ್ನೆಗೆ ಉತ್ತರ ಗೊತ್ತು: ಈ ಹನಿ ರಕ್ತದಲ್ಲಿ, ಈ ಹೊತ್ತಿನಲ್ಲಿ, ತಾನು ಹುಡುಕುವ ಗುರುತು ಕಂಡಿತೇ, ಇಲ್ಲವೇ? ಆ ಉತ್ತರವನ್ನು ನಿಮ್ಮ ಮೈ, ನಿಮ್ಮ ಜ್ವರದ ದಿನ, ನಿಮ್ಮ ಲಕ್ಷಣಗಳ ಜೊತೆ ಇಟ್ಟು ನೋಡಿ ರೋಗ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ವೈದ್ಯರು. ಚೀಟಿ ಓದಿ ಮನೆಗೆ ಹೋಗಬೇಡಿ, ಚೀಟಿ ಹಿಡಿದು ವೈದ್ಯರ ಬಳಿಗೆ ಬನ್ನಿ.